ಮಾಯಾ ಜನ ಎಲ್ಲಿಗೂ ಹೋಗಿಲ್ಲ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಮಧ್ಯ ಅಮೆರಿಕದ ಮಾಯಾ ಜನರ ಬಗ್ಗೆ ಬಂದ ‘ಕಣ್ಮರೆಯಾದ ಮಾಯಾ ನಾಗರಿಕತೆ’ ಲೇಖನ ಓದಿದೆ. ಕಬ್ಬಿಣವಿಲ್ಲ, ಗಾಡಿಯಿಲ್ಲ, ಎತ್ತು ಕುದುರೆಯೂ ಇಲ್ಲದ ಜನ ಅಷ್ಟೆತ್ತರದ ಗುಡಿಗಳನ್ನು ಕಟ್ಟಿದರೆಂದರೆ ನಂಬುವುದು ಹೇಗೆ? ನಮ್ಮ ಮಯಾಸುರನ ವಂಶದವರೇ ಅಲ್ಲಿಗೆ ಹೋಗಿರಬಹುದಲ್ಲವೇ? ಸೋಮನಾಥಪುರದ ಶಿಲ್ಪಗಳ ಕೈಯಲ್ಲಿ ಆ ನಾಡಿನ ಬೆಳೆಯಾದ ಮೆಕ್ಕೆಜೋಳದ ತೆನೆ ಇದೆಯಂತಲ್ಲ? – ಓದುಗರೊಬ್ಬರು, ದಾವಣಗೆರೆ ಜಿಲ್ಲೆ

ಸಂಪಾದಕರ ಉತ್ತರ: ಮಾನ್ಯರೇ, ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ‘ಕಣ್ಮರೆಯಾದ’ ಎಂದು ಶೀರ್ಷಿಕೆ ಕೊಟ್ಟವನು ನಾನು, ಕೊಡಬಾರದಿತ್ತು. ಕ್ರಿ.ಶ. 800ರಿಂದ 900ರ ಸುಮಾರಿಗೆ ಟಿಕಾಲ್, ಪಲೆಂಕೆ, ಕೋಪಾನ್‌ನಂಥ ನಗರಗಳು ಬರಿದಾದದ್ದು ನಿಜ. ಮಳೆ ಕೈಕೊಟ್ಟಿತ್ತು, ಅರಸರ ಕಾದಾಟ ನಿಂತಿರಲಿಲ್ಲ. ಜನ ಊರು ಬಿಟ್ಟರು, ಕುಲ ಅಳಿಯಲಿಲ್ಲ. ಉತ್ತರದಲ್ಲಿ ಚಿಚೆನ್ ಇಟ್ಜಾ ಮೆರೆಯಿತು, ಅದರ ನಂತರ ಮಾಯಾಪಾನ್. ಸ್ಪೇನಿನವರು ಮಾಯಾ ಜನರ ಕೊನೆಯ ರಾಜಧಾನಿಯನ್ನು ಹಿಡಿದದ್ದು 1697ರಲ್ಲಿ. ಇಂದೂ ಗ್ವಾಟೆಮಾಲಾ, ಮೆಕ್ಸಿಕೊ, ಬೆಲೀಜ್‌ಗಳಲ್ಲಿ ಲಕ್ಷಾಂತರ ಜನ ಸುಮಾರು 30 ಮಾಯಾ ಭಾಷೆಗಳನ್ನು ಆಡುತ್ತಾರೆ. 1992ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ರಿಗೊಬೆರ್ತಾ ಮೆಂಚು ಅವರಲ್ಲೊಬ್ಬರು.

ಮಯಾಸುರನ ಮಾತು. ‘ಮಾಯಾ’ ಎಂಬುದು ಮೆಕ್ಸಿಕೊದ ಯುಕಟಾನ್ ಸೀಮೆಯ ಹೆಸರು. ಮಾಯಾಪಾನ್ ಎಂಬ ಊರಿನ ಹೆಸರಿನಲ್ಲೂ ಅದೇ ಇದೆ. ನಮ್ಮ ಮಯನಿಗೂ ಅದಕ್ಕೂ ದನಿಯ ಹೋಲಿಕೆ ಬಿಟ್ಟರೆ ಬೇರೆ ನಂಟಿಲ್ಲ. ಕಟ್ಟಿದವರು ಯಾರೆಂದು ನಾವು ಊಹಿಸಬೇಕಾಗಿಯೂ ಇಲ್ಲ, ಅವರೇ ಬರೆದಿಟ್ಟಿದ್ದಾರೆ. 1562ರಲ್ಲಿ ಡಿಯೆಗೊ ಡಿ ಲಾಂಡಾ ಎಂಬ ಪಾದ್ರಿ ಮಾನಿ ಎಂಬ ಊರಿನಲ್ಲಿ ಅವರ ಪುಸ್ತಕಗಳನ್ನು ಸುಡಿಸಿದ. ಇವತ್ತು ಉಳಿದಿರುವುದು ನಾಲ್ಕೇ. ಅದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕಲ್ಲಿನ ಮೇಲೆ ಕೆತ್ತಿದ್ದನ್ನು ಮಾತ್ರ ಸುಡಲಾಗಲಿಲ್ಲ. 1952ರಲ್ಲಿ ರಷ್ಯಾದ ಯೂರಿ ಕ್ನೊರೊಝೊವ್ ಆ ಲಿಪಿಯ ಬಹಳಷ್ಟು ಚಿಹ್ನೆಗಳು ನಮ್ಮ ಕಾಗುಣಿತದಂತೆ ವ್ಯಂಜನ-ಸ್ವರ ಕೂಡಿದ ಅಕ್ಷರಗಳೆಂದು ತೋರಿಸಿದರು. ಪಲೆಂಕೆಯ ಅರಸ ಪಕಲ್‌ನ ಹೆಸರು ನೋಡಿ. ಪಕಲ್ ಎಂದರೆ ಗುರಾಣಿ. ಒಂದು ಕಡೆ ಗುರಾಣಿಯ ಚಿತ್ರವನ್ನೇ ಕೆತ್ತಿದ್ದಾರೆ, ಇನ್ನೊಂದು ಕಡೆ ಪ-ಕ-ಲ ಎಂದು ಮೂರು ಅಕ್ಷರ ಬರೆದು ಕೊನೆಯ ಸ್ವರ ನುಂಗಿ ಓದಿದ್ದಾರೆ. ಹನ್ನೆರಡನೆಯ ವಯಸ್ಸಿಗೆ, 615ರಲ್ಲಿ ಪಟ್ಟಕ್ಕೆ ಬಂದವನು 683ರವರೆಗೆ ಆಳಿದ. ಅವನಿಗೆ ಪಟ್ಟವಾದಾಗ ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿಯ ಆಳ್ವಿಕೆ. ಸೆರೆಸಿಕ್ಕ ಶತ್ರುಗಳನ್ನು ಬಲಿಕೊಟ್ಟದ್ದನ್ನೂ ಆ ಅರಸರು ಮುಚ್ಚಿಡದೆ ಕೆತ್ತಿಸಿದ್ದಾರೆ.

ಅವರ ಲೆಕ್ಕಕ್ಕೆ ಮೂರೇ ಗುರುತು: ಚುಕ್ಕಿ ಒಂದು, ಗೀಟು ಐದು, ಕಪ್ಪೆಚಿಪ್ಪು ಸೊನ್ನೆ. ಎರಡು ಗೀಟಿನ ಮೇಲೆ ಮೂರು ಚುಕ್ಕಿ ಇಟ್ಟರೆ ಹದಿಮೂರು. ನಮ್ಮಲ್ಲಿ ಹತ್ತರ ಸ್ಥಾನವಿದ್ದಂತೆ ಅವರಲ್ಲಿ ಮೇಲಿನ ಸಾಲು ಇಪ್ಪತ್ತರ ಸ್ಥಾನ; ಹಾಗಾಗಿ ಕೆಳಗಿನ ಸಾಲಿನಲ್ಲಿ ಚಿಪ್ಪು, ಮೇಲಿನ ಸಾಲಿನಲ್ಲಿ ಒಂದು ಚುಕ್ಕಿ ಬಂದರೆ ಇಪ್ಪತ್ತು. ಸೊನ್ನೆಯನ್ನು ಯಾರಿಂದಲೂ ಕಡ ತರದೆ ಆ ನೆಲದಲ್ಲೇ ಕಂಡುಕೊಂಡರು. 2012ರ ಡಿಸೆಂಬರ್ 21ಕ್ಕೆ ಪ್ರಳಯ ಎಂದು ಟಿ.ವಿ.ಗಳಲ್ಲಿ ಹೆದರಿಸಿದರಲ್ಲ, ಅಂದು ಮುಗಿದದ್ದು ಮಾಯಾ ಕಾಲಗಣನೆಯಲ್ಲಿ 1,44,000 ದಿನಗಳ ಹದಿಮೂರನೆಯ ಸುತ್ತು, ಅಷ್ಟೆ. ಪಲೆಂಕೆಯ ಶಾಸನವೊಂದು ಕ್ರಿ.ಶ. 4772ರ ದಿನವನ್ನೂ ಎಣಿಸಿಟ್ಟಿದೆ.

ಇನ್ನು ಕಟ್ಟಿದ್ದು ಹೇಗೆ? ಅಲ್ಲಿನ ನೆಲವೇ ಸುಣ್ಣದಕಲ್ಲು. ಗಣಿಯಿಂದ ಆಗಷ್ಟೇ ತೆಗೆದಾಗ ಮೆದುವಾಗಿರುತ್ತದೆ, ಚಕಮಕಿ ಕಲ್ಲಿನ ಉಳಿಗೂ ಬಗ್ಗುತ್ತದೆ. ಹಣೆಗೆ ಪಟ್ಟಿ ಕಟ್ಟಿ ಬೆನ್ನ ಮೇಲೆ ಹೊತ್ತರು, ಅದೇ ಕಲ್ಲನ್ನು ಸುಟ್ಟು ಗಾರೆ ಮಾಡಿದರು. ಟಿಕಾಲ್‌ನ ಅತಿ ಎತ್ತರದ ಗುಡಿ ಸುಮಾರು 65 ಮೀಟರ್. ಇಷ್ಟೂ ಮನುಷ್ಯರ ಮೈಮುರಿತದ ದುಡಿಮೆ. ಅದನ್ನು ಅಸುರರಿಗೋ ಅನ್ಯಗ್ರಹದವರಿಗೋ ಬರೆದುಕೊಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಸೋಮನಾಥಪುರದ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳವೆಂದು ಕೆಲವರು, ಮುತ್ತು ಪೋಣಿಸಿದಂಥ ‘ಮುಕ್ತಾಫಲ’ವೆಂದು ಕೆಲವರು ವಾದಿಸಿದ್ದಾರೆ. ನನಗೆ ಎರಡನೆಯದೇ ಸರಿ ಕಾಣುತ್ತದೆ. ಆದರೆ ನಿಮ್ಮ ಜಿಲ್ಲೆಯ ಹೊಲಗಳಲ್ಲಿ ಬೆಳೆಯುವ ಮೆಕ್ಕೆಜೋಳದ ತವರು ಮೆಕ್ಸಿಕೊ ಎಂಬುದರಲ್ಲಿ ಅನುಮಾನವಿಲ್ಲ. ಯುರೋಪಿನವರು ಆ ಕಾಳನ್ನು ಒಯ್ದರು, ಬೇಯಿಸುವ ರೀತಿ ಕಲಿಯಲಿಲ್ಲ. ಇಟಲಿಯ ಬಡವರು ಅದನ್ನೇ ತಿಂದು, ನಯಾಸಿನ್ ಎಂಬ ಜೀವಸತ್ವದ ಕೊರತೆಯಿಂದ ಬರುವ ಪೆಲಾಗ್ರಾ ರೋಗದಿಂದ ನರಳಿದರು. ಮಾಯಾ ಹೆಂಗಸರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರಾತ್ರಿಯಿಡೀ ನೆನೆಹಾಕುತ್ತಾರೆ. ಸಿಪ್ಪೆ ಸುಲಿಯುತ್ತದೆ, ಕಾಳಿನಲ್ಲಿ ಬಿಗಿದುಕೊಂಡಿದ್ದ ನಯಾಸಿನ್ ಮೈಗೆ ಹತ್ತುತ್ತದೆ. ಬೆಳಿಗ್ಗೆ ತೊಳೆದು, ಅರೆದು, ರೊಟ್ಟಿ ತಟ್ಟುತ್ತಾರೆ. ಈಗಲೂ, ಅದೇ ಊರುಗಳಲ್ಲಿ.