ಮಾಂಟ್ ಬ್ಲಾಂಕ್ ಸುತ್ತು ಓಡುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಪರ್ವತವನ್ನು ಬಳಸಿಕೊಂಡು, ಫ್ರಾನ್ಸಿನ ಶಾಮೊನಿಯಿಂದ ಹೊರಟು ಇಟಲಿ, ಸ್ವಿಟ್ಜರ್ಲೆಂಡ್ ಹಾದು ಮತ್ತೆ ಅಲ್ಲಿಗೇ ಬರುವ ಕಾಲುದಾರಿಯ ಬಗ್ಗೆ ಈ ಸಲ ಹಲವು ಪತ್ರ ಬಂದಿವೆ. ಬಹುತೇಕರು ಕಿಲೋಮೀಟರ್ ಎಣಿಸಿದ್ದಾರೆ, ಏರಿಳಿತ ಎಣಿಸಿಲ್ಲ. ಅದಕ್ಕೇ ಮೊದಲು ಲೆಕ್ಕದ ಪ್ರಶ್ನೆ.

ಫುಲ್ ಮ್ಯಾರಥಾನ್ ನಾಲ್ಕೂವರೆ ಗಂಟೆಯಲ್ಲಿ ಮುಗಿಸಿದ್ದೇನೆ. ಕುಕ್ಕೆಯಿಂದ ಕುಮಾರಪರ್ವತಕ್ಕೆ ಒಂದೇ ದಿನದಲ್ಲಿ ಹೋಗಿ ಬಂದಿದ್ದೇನೆ. ಈ ಸುತ್ತನ್ನು ಮೂರು ದಿನದಲ್ಲಿ ಓಡಬಹುದೇ? — ಬೆಂಗಳೂರಿನ ಓದುಗರು

ಮೂರು ದಿನ ಬೇಡ, ಐದು ಇಟ್ಟುಕೊಳ್ಳಿ.

ಸುತ್ತು ಸುಮಾರು 170 ಕಿ.ಮೀ., ಒಟ್ಟು ಏರು ಸುಮಾರು 10,000 ಮೀಟರ್. ಬೆಟ್ಟದ ಓಟದಲ್ಲಿ 100 ಮೀಟರ್ ಏರನ್ನು ಒಂದು ಕಿ.ಮೀ. ಸಮತಟ್ಟು ದಾರಿಗೆ ಸಮ ಎಂದು ಹಿಡಿಯುವುದು ರೂಢಿ. ಹಾಗೆ ನೋಡಿದರೆ ಇದು 270 ಕಿ.ಮೀ.ನಷ್ಟು ಕೆಲಸ. ಮೂರು ದಿನಕ್ಕೆ ಹಂಚಿದರೆ ದಿನಕ್ಕೆ 90. ನಿಮ್ಮ ಮ್ಯಾರಥಾನ್ ವೇಗದವರು ಬೆನ್ನಿಗೆ ಚೀಲ ಹಾಕಿಕೊಂಡು ಈ ಲೆಕ್ಕದಲ್ಲಿ ಗಂಟೆಗೆ ಆರೇಳು ಸಾಗಿಸಿದರೆ ಚೆನ್ನಾಗಿ ಹೋದಂತೆ. ಅಂದರೆ ದಿನಕ್ಕೆ 13ರಿಂದ 15 ಗಂಟೆ, ಮೂರು ದಿನ ಸತತ. ಕುಮಾರಪರ್ವತ ಹೋಗಿಬರುವುದು 26 ಕಿ.ಮೀ., ಏರು ಸುಮಾರು 1,600 ಮೀ., ಒಟ್ಟು 42. ಐದು ದಿನಕ್ಕೆ ಹಂಚಿದರೂ ಇಲ್ಲಿನ ಒಂದು ದಿನ 54, ಅಂದರೆ ಅದಕ್ಕಿಂತ ಹೆಚ್ಚು. ಮರುದಿನ ಬೆಳಿಗ್ಗೆ ಆರಕ್ಕೆ ಮತ್ತೆ ಅಷ್ಟೇ ಮಾಡಬಲ್ಲಿರಾ ಎಂಬುದೇ ನಿಜವಾದ ಪರೀಕ್ಷೆ.

ಐದು ದಿನದ ಹಂಚಿಕೆ ಹೀಗಿರಲಿ. ಶಾಮೊನಿಯ ಪಕ್ಕದ ಲೆಝೂಶ್‌ನಿಂದ ಹೊರಟು ಕೊಂತಾಮಿನ್ ದಾಟಿ, 2,329 ಮೀಟರ್ ಎತ್ತರದ ಬೊನೊಮ್ ಪಾಸ್ (ಬೆಟ್ಟಗಳ ನಡುವಿನ ದಾಟುದಾರಿ) ಹತ್ತಿ ಶಾಪ್ಯೂಗೆ ಇಳಿಯುವುದು ಮೊದಲ ದಿನ. ಐದರಲ್ಲಿ ಅದೇ ಭಾರಿ. ಎರಡನೆಯ ದಿನ 2,516 ಮೀಟರಿನ ಸೇನ್ಯ ಪಾಸ್ ಮೇಲಿಂದ ಇಟಲಿಯ ಕುರ್ಮಾಯೂರ್. ಮೂರನೆಯ ದಿನ 2,537 ಮೀಟರಿನ ಗ್ರಾಂ ಕೋಲ್ ಫೆರೆ ಪಾಸ್ ದಾಟಿ ಸ್ವಿಟ್ಜರ್ಲೆಂಡಿನ ಲಾ ಫುಲಿ. ನಾಲ್ಕನೆಯ ದಿನ ಶಾಂಪೆ, ಬೊವಿನ್ ಮೂಲಕ ತ್ರಿಯಾಂ. ಐದನೆಯ ದಿನ ಬಾಲ್ಮ್ ಪಾಸ್, ಲಾ ಫ್ಲೆಜೇರ್, ಕೊನೆಗೆ ಶಾಮೊನಿ. ಹೊರಟ ಜಾಗಕ್ಕೇ ಕಾಲಲ್ಲಿ ಬಂದು ಸುತ್ತು ಮುಚ್ಚಬೇಕೆಂಬ ಹಟವಿದ್ದರೆ ಫ್ಲೆಜೇರ್‌ನಿಂದ ಬ್ರೆವಾಂ ಹತ್ತಿ ಲೆಝೂಶ್‌ಗೆ ಇಳಿಯಬೇಕು. ಆ ಕೊನೆಯ ಇಳಿಜಾರೊಂದೇ ಸುಮಾರು 1,500 ಮೀಟರ್. ಅದಕ್ಕೆ ಆರನೆಯ ದಿನ ಕೊಡಿ.

ಈ ಸುತ್ತಿನಲ್ಲೇ ನಡೆಯುವ ಯುಟಿಎಂಬಿ (ಅಲ್ಟ್ರಾ-ಟ್ರೇಲ್ ಡ್ಯು ಮಾಂಟ್ ಬ್ಲಾಂಕ್) ಓಟದ ಸ್ಪರ್ಧೆಯಲ್ಲಿ ಇದನ್ನೇ 46 ಗಂಟೆ 30 ನಿಮಿಷದೊಳಗೆ ಮುಗಿಸಬೇಕು ಎಂದು ಓದಿ ನೀವು ಮೂರು ದಿನ ಅಂದುಕೊಂಡಿರಬಹುದು. ಅಲ್ಲಿ ಹಲವು ಕಡೆ ಊಟ, ಔಷಧಿ ಸಿದ್ಧವಿರುತ್ತದೆ. ಓಡುವವರೂ ಅರ್ಹತೆ ಗಳಿಸಿ ಬಂದವರು.

ದಾರಿಯಲ್ಲಿ ಮಾಂಟ್ ಬ್ಲಾಂಕ್ ಶಿಖರವನ್ನೂ ಹತ್ತಿಬಿಡಬಹುದೇ? — ಹಾಸನದ ಓದುಗರು

ಆಗದು. ಈ ದಾರಿ ಪರ್ವತವನ್ನು ಬಳಸಿ ಹೋಗುತ್ತದೆ, ಶಿಖರದ ಹತ್ತಿರವೂ ಸುಳಿಯುವುದಿಲ್ಲ. ಶಿಖರಕ್ಕೆ ಹಿಮನದಿ ದಾಟಬೇಕು. ಹಗ್ಗ, ಐಸ್ ಕೊಡಲಿ, ಗೈಡ್ ಬೇಕು. ಅದು ಬೇರೆಯೇ ಪ್ರವಾಸ.

ಹತ್ತುವಾಗ ತೊಂದರೆಯಿಲ್ಲ. ಇಳಿಯುವಾಗ ತೊಡೆ ನಡುಗುತ್ತದೆ, ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಏನು ಮಾಡಲಿ? — ಮೈಸೂರಿನ ಓದುಗರು

ಈ ಸುತ್ತಿನಲ್ಲಿ ಅರ್ಧಕ್ಕೆ ನಿಲ್ಲಿಸುವ ಹಲವರ ತೊಂದರೆ ಇದೇ. ಎತ್ತರದಿಂದ ಉಸಿರು ಕಟ್ಟುತ್ತದೆಂದು ಹೆದರುವವರು ಹೆಚ್ಚು, ಆದರೆ ದಾರಿಯ ಪಾಸ್‌ಗಳು 2,500 ಮೀಟರಿನ ಆಸುಪಾಸಿನವು. ಅಲ್ಲಿ ತುಸು ಏದುಸಿರು ಬರಬಹುದು, ಅಷ್ಟೆ. ತೊಡೆಯದ್ದೇ ನಿಜವಾದ ಚಿಂತೆ.

ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗುತ್ತದೆ, ಬ್ರೇಕಿನ ಕೆಲಸ ಬಹುಪಾಲು ಅದರದೇ. ಹಾಗೆ ಹಿಗ್ಗುವಾಗ ಎಳೆಗಳಲ್ಲಿ ಸಣ್ಣ ಸೀಳುಗಳು ಉಂಟಾಗಿ, ಒಂದೆರಡು ದಿನದ ನಂತರ ನೋವು ಜೋರಾಗುತ್ತದೆ. ಮೊದಲ ದಿನ ಶಾಪ್ಯೂಗೆ 900 ಮೀಟರ್ ಧಡಧಡ ಇಳಿದವರು ಮೂರನೆಯ ದಿನ ಫೆರೆಯಿಂದ ಅಡ್ಡಡ್ಡ ಹೆಜ್ಜೆ ಹಾಕುವುದು ಅದಕ್ಕೇ. ಸಮಾಧಾನದ ಸಂಗತಿಯೆಂದರೆ, ಒಮ್ಮೆ ಇಂಥ ಪೆಟ್ಟು ತಿಂದ ಸ್ನಾಯು ಕೆಲವು ವಾರ ಅದೇ ಪೆಟ್ಟಿಗೆ ಅಷ್ಟು ಜಗ್ಗುವುದಿಲ್ಲ. ಹಾಗಾಗಿ ಇಳಿಯುವುದನ್ನೇ ಅಭ್ಯಾಸ ಮಾಡಬೇಕು.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ನಿಮ್ಮ ಊರಲ್ಲೇ ಇದೆ. ಹನ್ನೆರಡು ವಾರ ಮುಂಚೆ ಶುರುಮಾಡಿ. ವಾರಕ್ಕೊಮ್ಮೆ ನಡೆದು ಹತ್ತಿ, ಓಡಿ ಇಳಿಯಿರಿ. ಮೊದಲು ಎರಡು ಸುತ್ತು, ಆಮೇಲೆ ಎರಡು ವಾರಕ್ಕೊಂದು ಸುತ್ತು ಹೆಚ್ಚಿಸಿ. ಭಕ್ತರ ಸಂದಣಿಗೆ ಮುಂಚೆ, ಬೆಳಕು ಹರಿಯುವ ಹೊತ್ತಿಗೆ ಹೋದರೆ ಇಬ್ಬರಿಗೂ ಒಳ್ಳೆಯದು. ಉಳಿದ ದಿನಗಳಲ್ಲಿ ಎರಡು ಸಲ ಮನೆಯಲ್ಲೇ ಒಂದು ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಂತು, ಮೂರು ಸೆಕೆಂಡು ಎಣಿಸುತ್ತಾ ಇನ್ನೊಂದು ಹಿಮ್ಮಡಿಯನ್ನು ನೆಲಕ್ಕೆ ಮುಟ್ಟಿಸಿ. ಕಾಲಿಗೆ ಹನ್ನೆರಡರಂತೆ ಮೂರು ಸರದಿ. ಹೊರಡುವ ಹತ್ತು-ಹದಿನಾಲ್ಕು ದಿನ ಮುಂಚೆ ಜೋರು ಇಳಿಜಾರು ನಿಲ್ಲಿಸಿಬಿಡಿ.

ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಪಾದ ಸೊಂಟದ ನೇರಕ್ಕೆ ಬೀಳಲಿ, ಕಣ್ಣು ಮೂರ್ನಾಲ್ಕು ಮೀಟರ್ ಮುಂದಿರಲಿ. ಭಯಕ್ಕೆ ಹಿಂದಕ್ಕೆ ವಾಲಿದರೆ ಹಿಮ್ಮಡಿ ಜಾರುತ್ತದೆ, ತೊಡೆಗೆ ಭಾರ ಹೆಚ್ಚಾಗುತ್ತದೆ.

ಉಗುರಿನ ದೋಷ ಶೂನದು. ಸಂಜೆ ಪಾದ ಊದಿರುವಾಗ, ಓಡುವ ಕಾಲುಚೀಲ ಹಾಕಿಕೊಂಡೇ ಶೂ ಕೊಳ್ಳಿ. ಬೆರಳ ಮುಂದೆ ಒಂದು ಹೆಬ್ಬೆರಳಿನಗಲ ಜಾಗ ಉಳಿಯಬೇಕು. ಅಷ್ಟಿದ್ದೂ ಉಗುರು ತಾಗಿದರೆ ಪಾದ ಮುಂದಕ್ಕೆ ಜಾರುತ್ತಿದೆ ಎಂದರ್ಥ. ಲೇಸನ್ನು ಎಲ್ಲಕ್ಕಿಂತ ಮೇಲಿನ ತೂತಿನಲ್ಲಿ ಅದೇ ಬದಿಗೆ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಅಲ್ಲಾಡದೆ ಕೂರುತ್ತದೆ. ಉಗುರನ್ನು ಎರಡು-ಮೂರು ದಿನ ಮುಂಚೆ ನೇರವಾಗಿ ಕತ್ತರಿಸಿ.

ಮಲೆನಾಡಿನ ಮಳೆಯಲ್ಲೇ ಓಡಿದವರು ನಾವು. ವಿಂಡ್‌ಚೀಟರ್ ಸಾಲದೇ? — ಶಿವಮೊಗ್ಗದ ಓದುಗರು

ಸಾಲದು. ನಿಮ್ಮ ಮಳೆ ಬೆಚ್ಚಗಿನದು, ಅಲ್ಲಿಯದು ಕೊರೆಯುತ್ತದೆ. ನೂರು ಮೀಟರ್ ಏರಿದರೆ ಸುಮಾರು 0.65 ಡಿಗ್ರಿ ಇಳಿಯುತ್ತದೆ. 1,224 ಮೀಟರಿನ ಕುರ್ಮಾಯೂರ್‌ನಲ್ಲಿ 18 ಡಿಗ್ರಿ ಇದ್ದರೆ ಫೆರೆ ಪಾಸ್‌ನಲ್ಲಿ ಒಂಬತ್ತು-ಹತ್ತು. ಗಾಳಿ ಸೇರಿದರೆ ಮೈಗೆ ಐದಾರು. ಒದ್ದೆ ಬಟ್ಟೆಯಲ್ಲಿ ಇನ್ನೂ ಕಡಿಮೆ. 2012ರ ಆಗಸ್ಟ್ ಕೊನೆಯಲ್ಲಿ ನಡೆದ ಯುಟಿಎಂಬಿಯನ್ನು ಎತ್ತರದಲ್ಲಿ ಬಿದ್ದ ಹಿಮದಿಂದಾಗಿ ಫ್ರಾನ್ಸಿನೊಳಗೇ ಸುಮಾರು 100 ಕಿ.ಮೀ.ಗೆ ಮೊಟಕುಗೊಳಿಸಬೇಕಾಯಿತು.

ಹುಡ್ ಇರುವ, ಹೊಲಿಗೆಗೆ ಒಳಗಿಂದ ಟೇಪ್ ಹಾಕಿದ, ಕನಿಷ್ಠ 10,000 ಮಿ.ಮೀ. (ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡ ತಾಳುತ್ತದೆ ಎಂಬ ಅಳತೆ) ನೀರು ತಡೆಯುವ ಜಾಕೆಟ್ ಬೇಕು. ಜೊತೆಗೆ ಉದ್ದ ಕಾಲಿನ ಟೈಟ್ಸ್, ನೀರು ಹಿಡಿಯದ ಕೈಗವಸು, ಜಿಪ್ ಕವರಿನಲ್ಲಿ ಒಣ ಥರ್ಮಲ್ ಒಂದು, ಮೈ ಬೆಚ್ಚಗಿಡಲು ಸುತ್ತಿಕೊಳ್ಳುವ ಬೆಳ್ಳಿಬಣ್ಣದ ಹಾಳೆ, ಸೀಟಿ, ಹೆಡ್‌ಲ್ಯಾಂಪ್. ಜಾಕೆಟನ್ನು ಬಟ್ಟೆ ಮೆದು ಮಾಡುವ ದ್ರವದಲ್ಲಿ ಒಗೆದರೆ ಹೊರಪದರ ನೀರು ಕುಡಿಯಲು ಶುರುವಾಗಿ ಒಳಗಿನ ಬೆವರು ಹೊರಹೋಗದು. ಪಾಸ್ ತಲುಪುವ ಕಾಲು ಗಂಟೆ ಮುಂಚೆಯೇ ತೊಟ್ಟುಬಿಡಿ; ಮೇಲೆ ಹೋದಮೇಲೆ ಮರಗಟ್ಟಿದ ಬೆರಳಿಗೆ ಜಿಪ್ ಸಿಗುವುದಿಲ್ಲ. ಬೇಸಿಗೆಯಲ್ಲಿ ಗುಡುಗು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಆರಕ್ಕೆ ಹೊರಟು ಹನ್ನೆರಡರೊಳಗೆ ಎತ್ತರದ ಪಾಸ್ ದಾಟಿರಬೇಕು.

ನಾವು ಸಸ್ಯಾಹಾರಿಗಳು. ಹುರಿಹಿಟ್ಟು, ಚಿಕ್ಕಿ ಒಯ್ಯಬಹುದೇ? — ಧಾರವಾಡದ ಓದುಗರು

ಒಯ್ಯಬಹುದು. ಹಾಲು, ತುಪ್ಪ, ಪನೀರ್ ಮಾತ್ರ ಬಿಟ್ಟು ಬನ್ನಿ. ಹೊರದೇಶದಿಂದ ಬರುವ ಪ್ರಯಾಣಿಕರ ಚೀಲದಲ್ಲಿ ಇವಕ್ಕೆ ಐರೋಪ್ಯ ಒಕ್ಕೂಟದಲ್ಲಿ ನಿಷೇಧವಿದೆ. ಓಡುವಾಗ ಗಂಟೆಗೆ 50–60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಬಾಳೆಹಣ್ಣು ಒಂದರಲ್ಲಿ ಸುಮಾರು 25 ಗ್ರಾಂ, 50 ಗ್ರಾಂ ಹುರಿಹಿಟ್ಟಿನಲ್ಲಿ ಸುಮಾರು 35. ಶೇಂಗಾ ಚಿಕ್ಕಿಯಲ್ಲಿ ಎಣ್ಣೆಯಂಶ ಹೆಚ್ಚು, ಏರಿನಲ್ಲಿ ತಿಂದರೆ ಹೊಟ್ಟೆಯಲ್ಲಿ ಕೂತುಬಿಡುತ್ತದೆ. ಅದನ್ನು ನಿಂತು ದಣಿವಾರಿಸಿಕೊಳ್ಳುವಾಗ ತಿನ್ನಿ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಗಟ್ಟಿ ಮಾಡಬೇಡಿ.

ತಂಗುವ ರೆಫ್ಯೂಜ್‌ಗಳಲ್ಲಿ (ಬೆಟ್ಟದ ತಂಗುಮನೆಗಳಲ್ಲಿ) ಸಾಮಾನ್ಯವಾಗಿ ರಾತ್ರಿಯೂಟ, ಬೆಳಗಿನ ತಿಂಡಿ ಸೇರಿಯೇ ದರ. ಸಸ್ಯಾಹಾರವೆಂದು ಬುಕ್ ಮಾಡುವಾಗಲೇ ಬರೆಯಿರಿ. ಸೂಪ್ ಮಾಂಸದ ರಸದಲ್ಲಿ ಮಾಡಿದ್ದೋ ಎಂದು ಕೇಳಿಯೇ ಕುಡಿಯಿರಿ. ನಲ್ಲಿಯ ಮೇಲೆ ‘ಓ ನೋ ಪೋತಾಬ್ಲ್’ (Eau non potable) ಎಂದಿದ್ದರೆ ಅದು ಕುಡಿಯುವ ನೀರಲ್ಲ. ಹಸು ಮೇಯುವ ಇಳುಕಲಿನ ತೊರೆಯೂ ಬೇಡ.

ವೀಸಾ, ವಿಮೆ, ಅಪಾಯದಲ್ಲಿ ಯಾರಿಗೆ ಫೋನ್? ಯಾವ ತಿಂಗಳು? — ಹುಬ್ಬಳ್ಳಿಯ ಓದುಗರು

ಮೂರೂ ದೇಶಕ್ಕೆ ಒಂದೇ ಶೆಂಗೆನ್ ವೀಸಾ. ಅದಕ್ಕೆ ಕನಿಷ್ಠ 30,000 ಯೂರೋ ವಿಮೆ ಬೇಕು. ಮೊತ್ತಕ್ಕಿಂತ ಮುಖ್ಯ, ಪಾಲಿಸಿಯಲ್ಲಿ ಬೆಟ್ಟದ ಓಟವನ್ನು ಸಾಹಸಕ್ರೀಡೆಯೆಂದು ಹೊರಗಿಟ್ಟಿದ್ದಾರೆಯೇ, ಎತ್ತರದ ಮಿತಿ ಎಷ್ಟು, ಹೆಲಿಕಾಪ್ಟರ್ ಖರ್ಚು ಸೇರಿದೆಯೇ ಎಂದು ಓದಿ. ಫ್ರಾನ್ಸಿನ ಬೆಟ್ಟಗಳಲ್ಲಿ ಸರ್ಕಾರಿ ರಕ್ಷಣೆಗೆ ಸಾಮಾನ್ಯವಾಗಿ ಹಣ ಕೇಳುವುದಿಲ್ಲ, ಸ್ವಿಟ್ಜರ್ಲೆಂಡಿನಲ್ಲಿ ಬಿಲ್ ಬರುತ್ತದೆ. ತುರ್ತಿಗೆ ಎಲ್ಲೆಡೆ 112. ಹೆಲಿಕಾಪ್ಟರ್ ಕಂಡಾಗ ಎರಡೂ ಕೈ ಮೇಲೆತ್ತಿದರೆ ‘ಸಹಾಯ ಬೇಕು’. ಒಂದು ಕೈ ಮೇಲೆ, ಒಂದು ಕೆಳಗೆ ಎಂದರೆ ‘ಬೇಡ’. ಸುಮ್ಮನೆ ಖುಷಿಗೆ ಎರಡೂ ಕೈ ಬೀಸಬೇಡಿ. ಯೂರೋಪಿನ ಸಿಮ್ ಕೊಂಡರೆ ಸ್ವಿಟ್ಜರ್ಲೆಂಡಿನಲ್ಲೂ ನಡೆಯುತ್ತದೆಯೇ ಎಂದು ವಿಚಾರಿಸಿ, ಎಲ್ಲವೂ ನಡೆಯುವುದಿಲ್ಲ.

ರೆಫ್ಯೂಜ್‌ಗಳು ಹೆಚ್ಚಾಗಿ ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ತೆರೆದಿರುತ್ತವೆ. ಜೂನ್‌ನಲ್ಲಿ ಬೊನೊಮ್ ಪಾಸ್ ಸುತ್ತ ಗಟ್ಟಿ ಹಿಮ ಉಳಿದಿರಬಹುದು, ಬೆಳಿಗ್ಗೆ ಅದು ಗಾಜಿನಂತೆ ಜಾರುತ್ತದೆ. ಮೊದಲ ಸಲಕ್ಕೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರ ಸೂಕ್ತ. ಆಗಸ್ಟ್ ಕೊನೆಯ ವಾರ ಸ್ಪರ್ಧೆಯಿಂದಾಗಿ ಶಾಮೊನಿಯಲ್ಲಿ ಕೋಣೆ ಸಿಗುವುದು ಕಷ್ಟ. ಇನ್ನೊಂದು: ಐದನೆಯ ದಿನ ಅರ್ಜೆಂತಿಯೇರ್ ಮೇಲ್ಭಾಗದಲ್ಲಿ ಬಂಡೆಗೆ ಜೋಡಿಸಿದ ಕಬ್ಬಿಣದ ಏಣಿಗಳಿವೆ. ನಡೆಯುವಾಗ ಊರುವ ಕೋಲುಗಳಿದ್ದರೆ ಮಡಚಿ ಚೀಲಕ್ಕೆ ಕಟ್ಟಿಯೇ ಹತ್ತಿ. ಎತ್ತರದ ಅಂಜಿಕೆಯಿದ್ದರೆ ಮೊಂತೆ ಪಾಸ್ ಕಡೆಯಿಂದ ಏಣಿಯಿಲ್ಲದ ದಾರಿಯೂ ಇದೆ.