4 ಡಿಗ್ರಿಯಲ್ಲೂ ಡೆಂಗಿ ವೈರಸ್ ಸೊಳ್ಳೆ ಕೋಶದ ಒಳಗೆ ಹೋಗ್ತಿದೆ, ಯಾಕೆ?

ನೀವು ಕೋಶ ತೊಳೆಯೋ ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ಬೆಚ್ಚಗಿದೆ, ಬಹುಶಃ ಅದೇ ಕಾರಣ. ಒಂದು ಗಂಟೆ 4 ಡಿಗ್ರಿಯಲ್ಲಿಟ್ಟರೂ ವೈರಸ್ ಸಿ6/36 ಅನ್ನೋ ಸೊಳ್ಳೆ ಕೋಶದ ಮೇಲೆ ಬರೀ ಅಂಟಿ ನಿಲ್ಲದೆ ಒಳಗೆ ಹೋಗಿದೆ ಅಂದಿರಿ. ಪಿಬಿಎಸ್ ಮಾತ್ರ ಬೆಂಚಿನ ಮೇಲಿನದು ಅಂತಲೂ ಬರೆದಿದ್ದೀರಿ. ಮಂಗನ ಮೂತ್ರಪಿಂಡದಿಂದ ಬಂದ ವೆರೋ ಕೋಶಕ್ಕೆ 28 ಡಿಗ್ರಿ ಅಂದ್ರೆ ತಂಪು, ಆದರೆ ಸೊಳ್ಳೆ ಕೋಶ ಬೆಳೆಯೋದೇ ಅಲ್ಲಿ. ಅದರ ಮೇಲೆ ಪುಣೆಯ ಏಪ್ರಿಲ್ ಮಧ್ಯಾಹ್ನ, ಎಸಿ ಇಲ್ಲದ ರೂಮು! ನೀವು ಮೂರು ಸಲ ತೊಳೆಯುವಷ್ಟರಲ್ಲಿ ವೈರಸ್ಸನ್ನು ಒಳಗೆಳೆಯೋ ಕ್ಲಾಥ್ರಿನ್ ಪ್ರೋಟೀನ್ ತನ್ನ ಕೆಲಸ ಶುರು ಮಾಡಿರುತ್ತದೆ.

ಮೊದಲು ಪ್ಲೇಟನ್ನೇ 15 ನಿಮಿಷ ಐಸ್ ಮೇಲಿಡಿ. ಐಸಿಗೆ ಸ್ವಲ್ಪ ನೀರು ಬೆರೆಸಿ, ಇಲ್ಲದಿದ್ದರೆ ತುಂಡುಗಳ ನಡುವೆ ಗಾಳಿ ಉಳಿದು ತಳ ತಣ್ಣಗಾಗಲ್ಲ. ಆಮೇಲೆ ತಣ್ಣನೆಯ ವೈರಸ್, ಒಂದು ಗಂಟೆ ಬಿಟ್ಟು ತಣ್ಣನೆಯ ಪಿಬಿಎಸ್. ಅದನ್ನು ವೆಲ್ಲಿನ (ಪ್ಲೇಟಿನ ಗುಳಿಯ) ಗೋಡೆಗೆ ತಾಗಿಸಿ ಹನಿಸಿ, ಈ ಕೋಶಗಳು ಜೋರು ಹನಿಗೇ ಕಿತ್ತು ಬರುತ್ತವೆ. ತೊಳೆದ ಕೂಡಲೇ ಕೋಶ ಒಡೆಯೋ ಲೈಸಿಸ್ ಬಫರ್ ಹಾಕಿ.

ಎರಡು ವೆಲ್ಲಿಗೆ ಮಾತ್ರ ಲೈಸಿಸ್‌ಗೆ ಮುಂಚೆ ಐಸ್ ಮೇಲೇ ಪ್ರೋಟಿನೇಸ್ ಕೆ (ಪ್ರೋಟೀನ್ ಕತ್ತರಿಸೋ ಕಿಣ್ವ) ಕೊಡಿ, ಹೊರಗೆ ಅಂಟಿದ ವೈರಸ್ ಕಳಚುತ್ತದೆ. ಕೋಶ ಎದ್ದು ಬರುತ್ತವೆ, ಗಾಬರಿ ಬೇಡ. ತಣ್ಣನೆ ಸೆಂಟ್ರಿಫ್ಯೂಜ್‌ನಲ್ಲಿ ನಿಧಾನಕ್ಕೆ ತಿರುಗಿಸಿ, ತೊಳೆದು ಆರ್‌ಎನ್‌ಎ ತೆಗೆಯಿರಿ. ಉಳಿದ ವೆಲ್ಲುಗಳಿಗಿಂತ ವೈರಸ್ಸಿನ ಆರ್‌ಎನ್‌ಎ ಗಣನೀಯವಾಗಿ ಇಳಿದರೆ ವೈರಸ್ ಹೊರಗೇ ಇದೆ ಅಂತ. ಇಳಿಯದಿದ್ದರೆ ನನ್ನ ಊಹೆ ತಪ್ಪಿರಬಹುದು, ಆಗ ನೀವು 4 ಡಿಗ್ರಿ ಅಂದ ಫ್ರಿಜ್ಜಿನೊಳಗೆ ಥರ್ಮಾಮೀಟರ್ ಇಟ್ಟು ನೋಡಿ.