ನಾಯಿ ಈಜುವ ಕೊಳದಲ್ಲೇ ನಾವೂ ಈಜಿದರೆ ಆರೋಗ್ಯಕ್ಕೆ ತೊಂದರೆಯೇ?

ಆರೋಗ್ಯವಾಗಿರುವ ಒಂದು ನಾಯಿ, ಕ್ಲೋರಿನ್ ಸರಿಯಾಗಿರುವ ಮನೆಯ ಕೊಳ ಎಂದಾದರೆ ಅಪಾಯ ಕಡಿಮೆ. ಆದರೆ ಇಲ್ಲ ಅನ್ನುವ ಹಾಗಿಲ್ಲ.

ಮುಖ್ಯ ಸಮಸ್ಯೆ ಮಲ. ನಾಯಿ ನೀರಿನಲ್ಲೇ ಮಾಡಬೇಕೆಂದಿಲ್ಲ, ಬಾಲದ ಹತ್ತಿರದ ಕೂದಲಿಗೆ ಅಂಟಿದ್ದರೂ ಸಾಕು. ಅದರಲ್ಲಿರುವ ಇ. ಕೊಲಿ ಎಂಬ ಬ್ಯಾಕ್ಟೀರಿಯಾವನ್ನು ಕ್ಲೋರಿನ್ ಬೇಗ ಕೊಲ್ಲುತ್ತದೆ. ಭೇದಿ ತರುವ ಜಿಯಾರ್ಡಿಯಾ ಎಂಬ ಪರಾವಲಂಬಿಗೆ ಮುಕ್ಕಾಲು ಗಂಟೆ ಬೇಕು. ಅಂಥದ್ದೇ ಇನ್ನೊಂದು ಪರಾವಲಂಬಿ ಕ್ರಿಪ್ಟೋಸ್ಪೊರಿಡಿಯಮ್ ಮಾತ್ರ ಮಹಾ ಗಟ್ಟಿ, ಕ್ಲೋರಿನ್ ನೀರಲ್ಲೂ ವಾರ ದಾಟಿ ಬದುಕುತ್ತದೆ. ನಾಯಿಗಳಲ್ಲಿ ಕಾಣುವ ಬಗೆಗಳು ಮನುಷ್ಯರಿಗೆ ಹರಡುವುದು ಅಪರೂಪ ಅನ್ನುವುದೇ ಸಮಾಧಾನ.

ಜನ ಮರೆಯುವ ವಿಷಯ ಇನ್ನೊಂದಿದೆ. ಕೂದಲು, ಮಣ್ಣು, ಮೂತ್ರ ಎಲ್ಲವೂ ಕ್ಲೋರಿನ್ ತಿಂದುಹಾಕುತ್ತವೆ. ಆಗ ಮನುಷ್ಯರಿಂದಲೇ ಬಂದ ರೋಗಾಣುಗಳೂ ಉಳಿದುಕೊಳ್ಳುತ್ತವೆ. ನನ್ನ ಪ್ರಕಾರ ನಿಜವಾದ ಅಪಾಯ ಇದೇ. ಹಾಗಾಗಿ ನಾಯಿ ಇಳಿದ ಮೇಲೆ ಕ್ಲೋರಿನ್ ಪರೀಕ್ಷಿಸಿ. ಕನಿಷ್ಠ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ಇರಲೇಬೇಕು.

ಇಳಿಸುವ ಮೊದಲು ಮಲಮೂತ್ರ ಮುಗಿಸಿ, ಮೈ ತೊಳೆಸಿ. ಭೇದಿ ಇದ್ದರೆ ಬೇಡವೇ ಬೇಡ. ನೀರಲ್ಲೇ ಮಾಡಿಬಿಟ್ಟರೆ ಎಲ್ಲರೂ ಹೊರಬನ್ನಿ, ಮಲ ತೆಗೆಯಿರಿ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.5 ಮೀರದಂತೆ ನೋಡಿಕೊಂಡು, 2 ಪಿಪಿಎಂ ಕ್ಲೋರಿನ್‌ನಲ್ಲಿ ಅರ್ಧ ಗಂಟೆ ಬಿಡಿ.

ಪುಟ್ಟ ಮಕ್ಕಳು ನೀರು ಜಾಸ್ತಿ ಕುಡಿಯುತ್ತಾರೆ ಅಲ್ವಾ? ಅವರನ್ನೂ ರೋಗನಿರೋಧಕ ಶಕ್ತಿ ಕಡಿಮೆ ಇರುವವರನ್ನೂ ನಾಯಿಯ ಜೊತೆ ಇಳಿಸದಿರುವುದೇ ಒಳ್ಳೆಯದು.